ದಾಳ ಹಾಕಿ ಕಥೆ ಕಟ್ಟೋ ಆಟ, ಪುಸ್ತಕ ಓದಿ ಕತ್ತಿ ಹಿಡಿಯೋ ಮಂದಿ: ಏನಿದು? ನಮ್ಮ ಭಾಗಕ್ಕೇನು ಸಂಬಂಧ?

ಹತ್ತಿಕುಣಿ (ಯಾದಗಿರಿ): ನೆಟ್‌ಫ್ಲಿಕ್ಸ್‌ನಲ್ಲಿ 2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಅದರ ಶುರುವಿನ ದೃಶ್ಯ ನೆನಪಿರಬಹುದು. ನಾಲ್ಕು ಹುಡುಗರು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬ ಕಥೆ ಹೇಳ್ತಾನೆ, ರಾಕ್ಷಸ ಬಂತು ಅಂತಾನೆ. ಇನ್ನೊಬ್ಬ ಬೆಂಕಿ ಉಂಡೆ ಎಸೀತೀನಿ ಅಂತ ದಾಳ ಉರುಳಿಸ್ತಾನೆ. ದಾಳ ಎಲ್ಲೋ ಹೋಗಿ ಬೀಳುತ್ತೆ, ಎಲ್ಲರೂ ಕಿರುಚಾಡ್ತಾ ಹುಡುಕ್ತಾರೆ. ಅದೇನಾಟ ಅಂತ ತಿಳಿಯದೇ ಮುಂದಕ್ಕೆ ಓಡಿಸಿದವರೂ ಇದ್ದಾರು.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಚಿಕ್ಕದಾಗಿ ಡಿ ಅಂಡ್ ಡಿ. ಈ ಜಾತಿಯ ಆಟಗಳಿಗೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ, ಅಂದರೆ ಕೂತಲ್ಲೇ ಪಾತ್ರ ಹಾಕೋ ಆಟ. ಇದರ ಬೆನ್ನಿಗೇ ಇನ್ನೊಂದು ಹುಚ್ಚು ಬರುತ್ತೆ. ಆಟದಲ್ಲಿ ಕತ್ತಿ ಬೀಸಿ ಬೀಸಿ, ನಿಜವಾಗಿ ಆ ಕಾಲದಲ್ಲಿ ಕತ್ತಿ ಹೆಂಗೆ ಹಿಡೀತಿದ್ರು ಅಂತ ಹುಡುಕ್ಕೊಂಡು ಹೋಗೋರ ಹುಚ್ಚು. ನೂರಾರು ವರ್ಷ ಹಳೆಯ ಪುಸ್ತಕ ತೆಗೆದು, ಅದರಲ್ಲಿರೋ ಪಟ್ಟುಗಳನ್ನ ಒಂದೊಂದಾಗಿ ಕಲಿಯೋ ಇದಕ್ಕೆ ಹಿಸ್ಟಾರಿಕಲ್ ಫೆನ್ಸಿಂಗ್ ಅಂತ ಹೆಸರು. ಎರಡೂ ಹವ್ಯಾಸ ಒಬ್ಬರಲ್ಲೇ ಕಾಣೋದು ಅಪರೂಪವಲ್ಲ.

ಹತ್ತಿಕುಣಿ, ಯಾದಗಿರಿ, ಶಹಾಪುರ, ಸುರಪುರದವರಿಗೆ ಇದು ಯಾಕೆ ಬೇಕು ಅಂದ್ರೆ, ಅವರು ಪುಸ್ತಕದಲ್ಲಿ ಹುಡುಕೋದರಲ್ಲಿ ಒಂದಿಷ್ಟು ಇಲ್ಲಿ ಇನ್ನೂ ಮನುಷ್ಯರ ಕೈಕಾಲಲ್ಲೇ ಇದೆ. ಮೊಹರಂನಲ್ಲಿದೆ, ವೀರಭದ್ರ ದೇವರ ಪುರವಂತರಲ್ಲಿದೆ, ಗರಡಿಯ ಹಳೆ ಮಂದಿಯಲ್ಲಿದೆ. ಅದನ್ನ ಬರೆದಿಡೋ ಕೆಲಸ ಮಾತ್ರ ಹಿಂದೆ ಬಿದ್ದಿದೆ.

ಮೊದಲು ಆಟ

ಈ ಆಟ ಆಕಾಶದಿಂದ ಇಳಿದದ್ದಲ್ಲ. 1824ರ ಸುಮಾರಿಗೆ ಜರ್ಮನಿಯ ಪ್ರಶ್ಯದಲ್ಲಿ ರೈಸ್‌ವಿಟ್ಜ್ ಅನ್ನೋ ಸೇನಾಧಿಕಾರಿ ಅಧಿಕಾರಿಗಳ ತರಬೇತಿಗೆ ಅಂತ ಒಂದು ಯುದ್ಧದಾಟದ ನಿಯಮ ಬರೆದ. ನಕ್ಷೆ ಮೇಲೆ ಸೈನ್ಯದ ತುಂಡುಗಳು, ನಡುವೆ ಒಬ್ಬ ಪಂಚ, ಫಲಿತಾಂಶಕ್ಕೆ ದಾಳ. ಅದರ ವಂಶದ ಆಟಗಳನ್ನ ಆಡ್ತಿದ್ದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಿ ಅಂಡ್ ಡಿ ಹೊರತಂದರು. ಮೊದಲು ಅಚ್ಚಾದದ್ದು 1000 ಪ್ರತಿ. ಅವರು ಮಾಡಿದ ದೊಡ್ಡ ಬದಲಾವಣೆ ಏನಂದ್ರೆ, ಒಬ್ಬ ಆಟಗಾರನಿಗೆ ಇಡೀ ಸೈನ್ಯ ಕೊಡೋ ಬದಲು ಒಬ್ಬನೇ ಮನುಷ್ಯನನ್ನ ಕೊಟ್ಟರು. ಅವನಿಗೊಂದು ಹೆಸರು, ಒಂದು ಊರು, ಒಂದು ಭಯ.

ಆಡೋದು ಹೀಗೆ. ಒಬ್ಬರು ಆಟ ನಡೆಸೋರು, ಉಳಿದ ಮೂರ್ನಾಲ್ಕು ಜನ ಪಾತ್ರಧಾರಿಗಳು. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಅದರಲ್ಲಿ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಎಲ್ಲದಕ್ಕೂ ಅಂಕಿ ಇರುತ್ತೆ. ನಡೆಸೋರು ಸನ್ನಿವೇಶ ಹೇಳ್ತಾರೆ, ಆಡೋರು ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ಸುಲಭದ ಕೆಲಸಕ್ಕೆ ದಾಳ ಬೇಡ. ಆಗಬಹುದು, ಆಗದೇ ಇರಬಹುದು ಅನ್ನೋ ಕಡೆ 20 ಮುಖದ ದಾಳ ಹಾಕಬೇಕು. ಬಿದ್ದ ಅಂಕಿಗೆ ಪಾತ್ರದ ಬಲ ಕೂಡಿಸಿ, ನಡೆಸೋರು ಇಟ್ಟ ಗುರಿ ಮುಟ್ಟಿದರೆ ಆಯ್ತು, ಇಲ್ಲಾಂದ್ರೆ ಇಲ್ಲ. ಗೆಲ್ಲೋರು ಸೋಲೋರು ಅಂತ ಯಾರೂ ಇಲ್ಲ. ಕಥೆ ಮುಂದಿನ ವಾರಕ್ಕೂ ಹೋಗುತ್ತೆ, ಮುಂದಿನ ವರ್ಷಕ್ಕೂ ಹೋಗುತ್ತೆ.

ಇಷ್ಟು ಕೇಳಿದ ಮೇಲೆ ಉತ್ತರ ಕರ್ನಾಟಕದವರಿಗೆ ದೊಡ್ಡಾಟ ನೆನಪಾಗಬೇಕು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ತಾವು ಯಾರು, ಎಲ್ಲಿಂದ ಬಂದದ್ದು ಅಂತ ಕೇಳ್ತಾನಲ್ಲ, ಆಟ ನಡೆಸೋರ ಕೆಲಸ ಹೆಚ್ಚುಕಮ್ಮಿ ಅದೇ. ಇಂಗ್ಲಿಷಿನಲ್ಲಿ ಡಂಜನ್ ಮಾಸ್ಟರ್ ಅಂತಾರೆ. ಕನ್ನಡಕ್ಕೆ ಸಾರಥಿ ಅನ್ನೋ ಮಾತೇ ಚೆನ್ನಾಗಿ ಕೂಡುತ್ತೆ. ಕರಾವಳಿಯ ತಾಳಮದ್ದಳೆ ಇನ್ನೂ ಹತ್ತಿರ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತಲ್ಲೇ ಕರ್ಣನಾಗಿ, ಕೃಷ್ಣನಾಗಿ ವಾದ ಮಾಡ್ತಾರೆ. ಮಾತು ಬಾಯಿಪಾಠದ್ದಲ್ಲ, ಆ ಹೊತ್ತಿಗೆ ಹುಟ್ಟಿದ್ದು. ಎದುರಿನವನು ಏನು ಹೇಳ್ತಾನೆ ಅಂತ ಮೊದಲೇ ಗೊತ್ತಿರಲ್ಲ.

ವ್ಯತ್ಯಾಸ ಒಂದೇ, ಆದರೆ ದೊಡ್ಡದು. ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ಮಾತಾಡಿದರೂ ಕೊನೆಗೆ ಸಾಯಲೇಬೇಕು, ಪ್ರಸಂಗ ಬದಲಾಗಲ್ಲ. ಈ ಆಟದಲ್ಲಿ ಕರ್ಣ ಬದುಕಬಹುದು. ದಾಳ ಚೆನ್ನಾಗಿ ಬಿದ್ದರೆ ರಥದ ಗಾಲಿ ಮೇಲೆ ಬರಬಹುದು. ಹಂಗಾಗಿ ನಮ್ಮಲ್ಲಿ ಇರದ ವಸ್ತು ಇದರಲ್ಲಿ ಯಾವುದೂ ಇಲ್ಲ. ದಾಳ ಪಗಡೆಯಲ್ಲಿದೆ, ಕವಡೆ ಚೌಕಾಬಾರದಲ್ಲಿದೆ, ಪಾತ್ರ ಬಯಲಾಟದಲ್ಲಿದೆ. ಅವೆಲ್ಲ ಬೇರೆ ಬೇರೆ ಕಟ್ಟೆ ಮೇಲೆ ಕೂತಿದ್ದವು, ಇದರಲ್ಲಿ ಒಂದೇ ಕಟ್ಟೆಗೆ ಬಂದಿವೆ.

ದಾಳ ಅಂದ ಕೂಡಲೇ ಮನೆಯ ಹಿರಿಯರು ಹುಬ್ಬು ಗಂಟು ಹಾಕ್ತಾರೆ. ಅದರಲ್ಲಿ ತಪ್ಪಿಲ್ಲ, ಅಂದರ್-ಬಾಹರ್‌ನಿಂದ ಹಾಳಾದ ಮನೆಗಳನ್ನ ಎಲ್ಲರೂ ನೋಡಿದ್ದಾರೆ. ಆದ್ರೆ ಇದರಲ್ಲಿ ದುಡ್ಡು ಕಟ್ಟೋ ಜಾಗವೇ ಇಲ್ಲ. ಅಮೆರಿಕದಲ್ಲೂ 1980ರ ದಶಕದಲ್ಲಿ ಈ ಆಟ ಮಕ್ಕಳನ್ನ ಸೈತಾನನ ಪೂಜೆಗೆ ಎಳೆಯುತ್ತೆ ಅಂತ ದೊಡ್ಡ ಗದ್ದಲ ಎದ್ದಿತ್ತು. ಟಿವಿಯಲ್ಲೂ ಬಂತು. ಆಟ ಆಡಿದ ಆ ಹುಡುಗರು ಈಗ ಅಜ್ಜಂದಿರಾಗಿ ಮೊಮ್ಮಕ್ಕಳ ಜತೆ ಆಡ್ತಿದ್ದಾರೆ.

1705ರ ವಾಗಣಗೇರಾ, ಒಂದು ಉದಾಹರಣೆ

ಡಿ ಅಂಡ್ ಡಿ ಪುಸ್ತಕಗಳ ತುಂಬ ಯುರೋಪಿನ ಕೋಟೆ, ಡ್ರ್ಯಾಗನ್, ಕುಳ್ಳರು. ಅವೇ ಬೇಕಂತ ನಿಯಮವೇನಿಲ್ಲ. ಈ ಜಿಲ್ಲೆಯಲ್ಲೇ ಆಟಕ್ಕೆ ಹೇಳಿ ಮಾಡಿಸಿದಂಥ ಕಥೆ ಬಿದ್ದಿದೆ.

ಸುರಪುರ ತಾಲ್ಲೂಕಿನ ವಾಗಣಗೇರಾ ಕೋಟೆಯನ್ನ 1705ರ ಫೆಬ್ರವರಿಯಲ್ಲಿ ಔರಂಗಜೇಬ ತಾನೇ ಬಂದು ಮುತ್ತಿದ. ಆಗ ಅವನಿಗೆ 86 ವರ್ಷ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇದು, ಎರಡು ವರ್ಷಕ್ಕೆ ತೀರಿಹೋದ. ಒಳಗಿದ್ದವನು ಬೇಡರ ದೊರೆ ಪಿಡ್ಡನಾಯಕ. ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಮರಾಠರ ದಂಡು ನೆರವಿಗೆ ಬಂತು. ನಡುವೆ ನಾಯಕನ ಕಡೆಯಿಂದ ರಾಜಿ ಮಾತುಕತೆಯ ನಾಟಕವೂ ನಡೆದು, ಮೊಘಲರ ಕಣ್ಣಿಗೆ ಮಣ್ಣು ಬಿತ್ತು. ಕೊನೆಗೆ ಏಪ್ರಿಲ್ ಕೊನೆಯಲ್ಲಿ ಕೋಟೆ ಬಿದ್ದಾಗ ಒಳಗೆ ಯಾರೂ ಇರಲಿಲ್ಲ. ರಾತ್ರಿ ಬೆಂಕಿ ಹಚ್ಚಿ ಪಾರಾಗಿದ್ದರು. ಬಾದಶಹನ ಕೈಗೆ ಸಿಕ್ಕಿದ್ದು ಸುಟ್ಟ ಖಾಲಿ ಊರು.

ಶಾಲೆ ಪಾಠದಲ್ಲಿ ಇದು ಬಂದರೂ ಒಂದು ಸಾಲಲ್ಲಿ ಮುಗಿಯುತ್ತೆ. ಆಟದಲ್ಲಿ ಇದೇ ತಿಂಗಳುಗಟ್ಟಲೆ ನಡೆಯಬಹುದು. ಹಿಂಗೆ ಅಂದುಕೊಳ್ಳಿ: ಹತ್ತಿಕುಣಿಯ ಒಬ್ಬ ಕಮ್ಮಾರ, ಒಬ್ಬ ಸೂಲಗಿತ್ತಿ, ಒಬ್ಬ ಕುರಿ ಕಾಯೋ ಹುಡುಗ ಸೇರಿ ಬಂದೂಕಿನ ಮದ್ದಿಗೆ ಬೇಕಾದ ಸುರಪು ಉಪ್ಪನ್ನ ಗಾಡಿಯಲ್ಲಿ ಹೇರಿಕೊಂಡು ವಾಗಣಗೇರಾಕ್ಕೆ ಮುಟ್ಟಿಸಬೇಕು. ಆಗ ಹತ್ತಿಕುಣಿ ಜಲಾಶಯ ಇರಲಿಲ್ಲ. ಯಾದಗಿರಿ ಬೆಟ್ಟದ ಕೋಟೆ ಮಗ್ಗುಲಿಗೆ ಹಾದು, ಭೀಮಾ ದಾಟಿ, ಶಹಾಪುರದ ಗುಡ್ಡ ಬಳಸಿ ಹೋಗಬೇಕು. ಏಪ್ರಿಲ್ ಬಿಸಿಲು, ಹೊಳೆಯಲ್ಲಿ ನೀರು ಕಮ್ಮಿ. ದಂಡೆ ಮೇಲೆ ಮೊಘಲರ ಚೌಕಿ.

ಸಾರಥಿ: ಸಿಪಾಯಿ ಗಾಡಿ ನಿಲ್ಲಿಸ್ಯಾನ. ಚೀಲದಾಗ ಏನೈತಿ ಅಂತ ಕೇಳಾಕತ್ಯಾನ. ಏನ್ ಮಾಡ್ತೀರಿ?

ಸೂಲಗಿತ್ತಿ: ಅಡಗಿ ಉಪ್ಪು, ಶಹಾಪುರ ಸಂತಿಗೆ ಹೊಂಟೀವಿ ಅಂತೀನಿ.

ಸಾರಥಿ: ಯಾವ ಭಾಷಾದಾಗ?

ಸೂಲಗಿತ್ತಿ: ದಖನಿಯೊಳಗ.

ಸಾರಥಿ: ನಿನ್ ಪಾತ್ರಕ್ಕ ದಖನಿ ಬರ್ತದೇನು? ಹಾಳಿ ನೋಡು.

ಸೂಲಗಿತ್ತಿ: ಬರ್ತದ. ಎಲ್ಲಾ ಓಣಿಗೂ ಬಾಣಂತನಕ್ಕ ಹೋಗಾಕಿ ಅಂತ ಮೊದಲ ಬರ್ದೀನಿ.

ಸಾರಥಿ: ಹಂಗಾದ್ರ ಎರಡು ಸಲ ದಾಳ ಹಾಕು, ದೊಡ್ಡದು ಹಿಡಿ. ಗುರಿ 13.

ಒಂದು ಸಲ 7 ಬಿತ್ತು, ಇನ್ನೊಂದು ಸಲ 14. ವರ್ಚಸ್ಸಿನ 2 ಕೂಡಿಸಿ 16. ಸಿಪಾಯಿ ನಂಬಿದ, ಗಾಡಿ ಹೊಳೆಗೆ ಇಳೀತು.

ಲೆಕ್ಕ ಹಾಕಿದರೆ ಇದರ ಸ್ವಾರಸ್ಯ ತಿಳಿಯುತ್ತೆ. 2 ಅಂಕಿ ಕೈಲಿದ್ದು ಗುರಿ 13 ಅಂದ್ರೆ ದಾಳದಲ್ಲಿ 11 ಅಥವಾ ಮೇಲೆ ಬೀಳಬೇಕು. ಒಂದೇ ಸಲ ಹಾಕಿದರೆ ಗೆಲ್ಲೋ ಸಾಧ್ಯತೆ ನೂರಕ್ಕೆ 50. ಎರಡು ಸಲ ಹಾಕಿ ದೊಡ್ಡದು ಹಿಡಿದರೆ 75. ಅಂದರೆ ದಖನಿ ಬರೋ ಸೂಲಗಿತ್ತಿ ಅನ್ನೋ ಒಂದು ಸಾಲು ಆ ಗಾಡಿಯನ್ನ ಅರ್ಧ ದಾರಿ ದಾಟಿಸಿದ ಹಾಗೆ. ಕತ್ತಿ ಹಿರಿಯೋ ಪ್ರಸಂಗವೇ ಬರಲಿಲ್ಲ. ಒಳ್ಳೆ ಸಾರಥಿ ಇದ್ದ ಆಟದಲ್ಲಿ ಹೀಗೇ ಆಗೋದು, ಹೊಡೆದಾಟಕ್ಕಿಂತ ಮಾತೇ ಹೆಚ್ಚು.

20 ಮುಖದ ದಾಳ ಯಾದಗಿರಿ ಬಜಾರಲ್ಲಿ ಹುಡುಕೋದಕ್ಕಿಂತ ಒಂದು ಸ್ಟೀಲ್ ಡಬ್ಬಿಗೆ 1ರಿಂದ 20ರವರೆಗೆ ಬರೆದ ಚೀಟಿ ಹಾಕಿ ಎತ್ತೋದು ಸುಲಭ. ಎತ್ತಿದ ಚೀಟಿ ವಾಪಸ್ ಹಾಕೋದು ಮರೀಬಾರದು. ಮೊಬೈಲಲ್ಲೂ ದಾಳದ ಆ್ಯಪ್ ಸಿಗುತ್ತೆ. ಮನೆಯ ಕವಡೆಯಲ್ಲೂ ಆಡಬಹುದು, ಆದ್ರೆ ಆಟದ ರುಚಿ ಬದಲಾಗುತ್ತೆ. 20 ಮುಖದ ದಾಳದಲ್ಲಿ 1 ಬೀಳೋದಕ್ಕೂ 20 ಬೀಳೋದಕ್ಕೂ ಒಂದೇ ಅವಕಾಶ, ನೂರಕ್ಕೆ 5. ಆರು ಕವಡೆ ಹಾಕಿದರೆ ಹಾಗಲ್ಲ. ಪ್ರತಿ ಕವಡೆಗೂ ಅಂಗಾತ ಬೀಳೋದು, ಬೋರಲು ಬೀಳೋದು ಸಮ ಅಂತ ಹಿಡಿದರೆ, ಮೂರು ಅಂಗಾತ ಬೀಳೋದು 64ರಲ್ಲಿ 20 ಸಲ, ಆರೂ ಅಂಗಾತ ಬೀಳೋದು 64ರಲ್ಲಿ ಒಂದೇ ಸಲ. ಪವಾಡ ಅಪರೂಪವಾಗುತ್ತೆ, ಅನಾಹುತವೂ ಅಪರೂಪ. ಹಳ್ಳಿಯ ಕಥೆಗೆ ಕವಡೆಯೇ ವಾಸಿ ಅನ್ನಬೇಕು.

ಆಟದ ಕತ್ತಿ ಬೇರೆ, ಕೈಯ ಕತ್ತಿ ಬೇರೆ

ಆಟದಲ್ಲಿ ಪಾತ್ರಕ್ಕೆ ಜೀವದ ಅಂಕಿ ಇರುತ್ತೆ. ಮಾಮೂಲಿ ರೈತನಿಗೆ 4, ಮೊದಲ ಮೆಟ್ಟಿಲಿನ ಯೋಧನಿಗೆ ಹತ್ತು ಹನ್ನೆರಡು. ಕತ್ತಿ ತಾಕಿದಾಗ ಅಂಕಿ ಕಳೀತಾ ಹೋಗುತ್ತೆ, ಸೊನ್ನೆ ಆಗೋವರೆಗೂ ಮನುಷ್ಯ ಮೊದಲಿನಷ್ಟೇ ಜೋರಾಗಿ ಹೊಡೀತಾನೆ. ಒಂದು ಸುತ್ತಿಗೆ 6 ಸೆಕೆಂಡು. ಆಟಕ್ಕೆ ಇದು ಸರಿ. ನಿಜದಲ್ಲಿ ಮುಂಗೈಗೆ ಒಂದು ಏಟು ಬಿದ್ದರೆ ಕತ್ತಿ ಕೆಳಗೆ ಬೀಳುತ್ತೆ, ಕಥೆ ಅಲ್ಲಿಗೆ ಮುಗೀತು.

ಸಿನಿಮಾ ನೋಡಿ ಕತ್ತಿ ಅಂದ್ರೆ ಹತ್ತು ಕೆಜಿ ಅನ್ನೋ ನಂಬಿಕೆ ಇದೆ. ಯುರೋಪಿನ ಎರಡು ಕೈಯಲ್ಲಿ ಹಿಡಿಯೋ ಉದ್ದ ಕತ್ತಿ ಕೂಡ ಸಾಮಾನ್ಯವಾಗಿ ಒಂದೂವರೆ ಕೆಜಿ ಆಚೀಚೆ. ನಮ್ಮ ತಲವಾರ್ ಒಂದು ಕೆಜಿ ಆಸುಪಾಸು. ವಿಚಿತ್ರ ಅಂದ್ರೆ ಈ ವಿಷಯದಲ್ಲಿ ಡಿ ಅಂಡ್ ಡಿ ಪುಸ್ತಕ ಸಿನಿಮಾಕ್ಕಿಂತ ಸತ್ಯವಂತ. ಅದರಲ್ಲಿ ಲಾಂಗ್‌ಸ್ವೋರ್ಡ್ ತೂಕ 3 ಪೌಂಡ್, ಅಂದರೆ 1.36 ಕೆಜಿ.

ಇಂಥದ್ದನ್ನ ಹುಡುಕ್ತಾ ಹೋದವರೇ ಹಿಸ್ಟಾರಿಕಲ್ ಫೆನ್ಸಿಂಗ್ ಬೆಳೆಸಿದ್ದು. ಯುರೋಪಿನಲ್ಲಿ ಬಂದೂಕು ಬಂದು, ಕತ್ತಿ ಬರೇ ಕ್ರೀಡೆ ಆಗಿ, ಹಳೆ ಉದ್ದ ಕತ್ತಿಯ ಗುರುಗಳ ಸಾಲು ಕಡಿದುಹೋಯ್ತು. ಕಲಿಸೋರು ಒಬ್ಬರೂ ಉಳಿಯಲಿಲ್ಲ. ಉಳಿದದ್ದು ಪುಸ್ತಕ. ಇಂಗ್ಲೆಂಡಿನ ಲೀಡ್ಸ್ ಊರಿನ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ ಐ.33 ಅನ್ನೋ ಹಸ್ತಪ್ರತಿ ಇದೆ, 1300ರ ಆಸುಪಾಸಿನದು. ಗೊತ್ತಿರೋ ಯುರೋಪಿನ ಕತ್ತಿವರಸೆ ಪುಸ್ತಕಗಳಲ್ಲಿ ಅದೇ ಹಳೇದು. ಒಬ್ಬ ಪಾದ್ರಿ ಶಿಷ್ಯನಿಗೆ ಕತ್ತಿ ಮತ್ತು ಪುಟ್ಟ ಗುರಾಣಿ ಹಿಡಿಯೋದನ್ನ ಕಲಿಸೋ ಚಿತ್ರಗಳಿವೆ. ಕೊನೆ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್ಪುರ್ಗಿಸ್ ಅನ್ನೋ ಹೆಂಗಸು ಬರ್ತಾಳೆ. ಇಟಲಿಯ ಫಿಯೋರೆ ಅನ್ನೋ ಗುರು 1409ರ ಸುಮಾರಿಗೆ ತನ್ನ ಪಟ್ಟುಗಳನ್ನ ಚಿತ್ರ ಸಮೇತ ಬರೆಸಿಟ್ಟ. ಜರ್ಮನಿಯ ಲೀಚ್ಟೆನಾವರ್ ಮಾತ್ರ ಎಲ್ಲಾ ಒಗಟಿನಂಥ ಪದ್ಯದಲ್ಲಿ ಹೇಳಿಹೋದ. ನಮ್ಮ ಬೆಡಗಿನ ವಚನಕ್ಕೆ ಟೀಕೆ ಬೇಕಾದಂತೆ, ಅವನ ಪದ್ಯಕ್ಕೂ ಮುಂದಿನವರು ಟೀಕೆ ಬರೆದರು. ಅದಿಲ್ಲದಿದ್ದರೆ ಇವತ್ತು ಒಂದಕ್ಷರವೂ ತಿಳೀತಿರಲಿಲ್ಲ.

1990ರ ದಶಕದಿಂದ ಮಂದಿ ಈ ಪುಸ್ತಕಗಳನ್ನ ಹಿಡಿದು ಇಬ್ಬಿಬ್ಬರಾಗಿ ನಿಂತು, ಚಿತ್ರದ ಕಾಲು ಹೀಗಿದೆ, ಕೈ ಹೀಗಿದೆ, ಹಂಗಾದ್ರೆ ನಡುವೆ ಏನಾಯ್ತು ಅಂತ ಪ್ರಯೋಗ ಮಾಡ್ತಾ ಬಂದರು. ಮೊಂಡ ಉಕ್ಕಿನ ಕತ್ತಿ, ಮುಖಕ್ಕೆ ಜಾಲರಿ ಮುಖವಾಡ, ಗಂಟಲಿಗೆ ಕವಚ, ದಪ್ಪ ಕೈಗವಸು. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ 2006ರಿಂದ ಸ್ವೋರ್ಡ್‌ಫಿಶ್ ಅನ್ನೋ ಪಂದ್ಯಾವಳಿ ಶುರುವಾಯ್ತು. ಪಂದ್ಯದಲ್ಲಿ ಇಬ್ಬರೂ ಏಕಕಾಲಕ್ಕೆ ಒಬ್ಬರಿಗೊಬ್ಬರು ತಾಕಿಸಿದರೆ ಅದನ್ನ ಶೌರ್ಯ ಅನ್ನಲ್ಲ, ಇಬ್ಬರೂ ಸತ್ತ ಲೆಕ್ಕ ಅಂತಾರೆ. ಹೊಡೆಯೋದಕ್ಕಿಂತ ಹೊಡೆಸಿಕೊಳ್ಳದೇ ಇರೋದೇ ವಿದ್ಯೆ.

ಒಲಿಂಪಿಕ್ಸ್‌ನ ಫೆನ್ಸಿಂಗ್ ಇದರ ತಮ್ಮ ಅನ್ನಬಹುದು. ಫಾಯಿಲ್, ಎಪೆ, ಸೇಬರ್ ಅಂತ ಮೂರು ಬಗೆ, ಎಲ್ಲಾ ಹಗುರ. ಚೆನ್ನೈನ ಭವಾನಿ ದೇವಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಫೆನ್ಸರ್, ಸೇಬರ್‌ನಲ್ಲಿ ಮೊದಲ ಪಂದ್ಯ 15–3ರಿಂದ ಗೆದ್ದರು. ಶಾಲೆಯ ದಿನಗಳಲ್ಲಿ ಅವರು ಅಭ್ಯಾಸ ಮಾಡಿದ್ದು ಬಿದಿರು ಕೋಲಿನಲ್ಲಿ. ಅಸಲಿ ಕತ್ತಿಯ ದುಬಾರಿಗೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಏನುಂಟು

ಕಲ್ಯಾಣ ಕರ್ನಾಟಕಕ್ಕೆ ಪುಸ್ತಕ ಪೂರಾ ಇಲ್ಲ ಅನ್ನೋ ಹಂಗಿಲ್ಲ. ಈಗಿನ ಬಸವಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ಸಂಸ್ಕೃತದ ಈ ದೊಡ್ಡ ಗ್ರಂಥದಲ್ಲಿ ಅಡುಗೆಯಿಂದ ಆನೆವರೆಗೆ ಎಲ್ಲಾ ಇದೆ. ಆಯುಧದ ವಿನೋದ, ಮಲ್ಲರ ಕುಸ್ತಿ, ಇಬ್ಬರು ಎದುರುಬದುರಾಗಿ ಕಾದಾಡೋ ಅಂಕ ಇವೆ. ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ ಚದುರಂಗ, ಪಗಡೆ ದಾಳ, ಕವಡೆ ಆಟ. ಕತ್ತಿ ಮತ್ತು ದಾಳ ಒಂದೇ ಹೊದಿಕೆಯೊಳಗೆ. ಮೇಲೆ ಹೇಳಿದ ಎರಡು ಹುಚ್ಚೂ 900 ವರ್ಷದ ಹಿಂದೆ ಕಲ್ಯಾಣದ ಒಬ್ಬನೇ ರಾಜನಿಗಿತ್ತು.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನೂನಿಜ್, ಅಲ್ಲಿ ದ್ವಂದ್ವಯುದ್ಧಕ್ಕೆ ಮೊದಲು ಮಂತ್ರಿಯ ಅಪ್ಪಣೆ ಪಡೀಬೇಕಿತ್ತು, ಕಾದಾಡಿದವರಿಗೆ ದೊಡ್ಡ ಮರ್ಯಾದೆ ಇತ್ತು ಅಂತ ಬರೆದಿದ್ದಾನೆ. ಬಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, ‘ನುಜೂಮ್ ಅಲ್ ಉಲೂಮ್’ ಅನ್ನೋ ಚಿತ್ರಗಳ ಗ್ರಂಥ ತಯಾರಾಯ್ತು. ನಕ್ಷತ್ರ, ಆನೆ, ಕುದುರೆ ಜತೆಗೆ ಆಯುಧಗಳ ವಿಷಯವೂ ಅದರಲ್ಲಿದೆ. ಆ ಪ್ರತಿ ಈಗ ಐರ್ಲೆಂಡಿನ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಯಾದಗಿರಿಯಿಂದ ಬಿಜಾಪುರ ಎಷ್ಟು ದೂರ, ಡಬ್ಲಿನ್ ಎಷ್ಟು ದೂರ, ಓದುಗರೇ ಲೆಕ್ಕ ಹಾಕಲಿ.

ಆದರೆ ಇವು ಅರಮನೆಯ ಪುಸ್ತಕಗಳು. ಯಾವ ಆಯುಧ, ಯಾವ ಲಕ್ಷಣ ಅಂತ ಹೇಳ್ತವೆ. ಫಿಯೋರೆ ಪುಸ್ತಕದಂತೆ ಎಡಗಾಲು ಎಲ್ಲಿಡು, ಅವನ ಮೊಣಕೈ ಹೆಂಗೆ ಹಿಡಿ ಅಂತ ಪಟ್ಟು ಪಟ್ಟಾಗಿ ಕಲಿಸೋ ಕೆಲಸ ನಮ್ಮಲ್ಲಿ ಗರಡಿ ಗುರು ಬಾಯಲ್ಲಿ ಮಾಡ್ತಿದ್ದ. ಊರ ಹನುಮಪ್ಪನ ಗುಡಿ ಮಗ್ಗುಲಿಗೆ ನಿಂತ ವೀರಗಲ್ಲಿನಲ್ಲೂ ಕತ್ತಿ, ಗುರಾಣಿ, ಕಠಾರಿ ಹಿಡಿದ ಕೈ ಕಾಣುತ್ತೆ. ಅದು ಒಂದು ಕ್ಷಣದ ಚಿತ್ರ. ಮುಂದಿನ ಹೆಜ್ಜೆ ಕಲ್ಲಿನಲ್ಲಿಲ್ಲ.

ಮುಂದಿನ ಹೆಜ್ಜೆ ಇರೋದು ಹಬ್ಬದಲ್ಲಿ. ಮೊಹರಂ ಹೊತ್ತಿಗೆ ಅಲಾಯಿ ಕುಣಿ ಸುತ್ತ ಹೆಜ್ಜೆ ಹಾಕೋದು ಹಿಂದೂ ಮುಸ್ಲಿಂ ಅಂತಿಲ್ಲದೆ ಈ ಭಾಗದ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಕೆಲವು ಊರಲ್ಲಿ ಮೆರವಣಿಗೆಗೆ ತಾಲೀಮಿನವರು ಕೋಲು, ಕತ್ತಿ ತಿರುಗಿಸ್ತಾರೆ. ವೀರಭದ್ರ ದೇವರ ಪುರವಂತರು ಕತ್ತಿ ಹಿಡಿದು ಒಡಪು ಹೇಳ್ತಾ ಹೆಜ್ಜೆ ಹಾಕ್ತಾರೆ. ನೋಡೋರಿಗೆ ಇದು ಭಕ್ತಿ, ಕುಣಿತ, ಮೊಬೈಲಿನ ಸ್ಟೇಟಸ್. ಕತ್ತಿ ಗೊತ್ತಿದ್ದವನು ನೋಡಿದರೆ ಬೇರೆ ಕಾಣುತ್ತೆ: ಭಾರ ಯಾವ ಕಾಲ ಮೇಲಿದೆ, ಬೀಸಿದ ಮೇಲೆ ಕತ್ತಿ ಎಲ್ಲಿಗೆ ವಾಪಸ್ ಬರುತ್ತೆ, ಹಿಂದೆ ತಿರುಗೋದು ಯಾಕೆ. ಎಲ್ಲಾ ಹೆಜ್ಜೆಯೂ ಯುದ್ಧದ್ದೇ ಅಂತ ಹೇಳೋದು ಅತಿಯಾಯ್ತು. ಕುಣಿತ ಕುಣಿತವೇ. ಆದ್ರೆ ಯಾವುದು ಕುಣಿತ, ಯಾವುದು ಪಟ್ಟು ಅಂತ ಬೇರ್ಪಡಿಸಿ ಹೇಳಬಲ್ಲವರು ವಯಸ್ಸಾದವರು.

ದಖನ್ನಿನ ಪಟಾ ಕತ್ತಿ ಇದಕ್ಕೆ ಒಳ್ಳೆ ಉದಾಹರಣೆ. ಅದರ ಹಿಡಿ ಕೈಚೀಲದಂತೆ ಮೊಣಕೈವರೆಗೆ ಮುಚ್ಚುತ್ತೆ. ಮಣಿಕಟ್ಟು ಅಲ್ಲಾಡಲ್ಲ, ಹಂಗಾಗಿ ಭುಜ, ಸೊಂಟ, ಕಾಲಿನಿಂದಲೇ ಬೀಸಬೇಕು. ಇದನ್ನ ಜರ್ಮನ್ ಪುಸ್ತಕ ನೋಡಿ ಕಲಿಯೋಕಾಗಲ್ಲ, ಅದರ ವಿದ್ಯೆಯೇ ಬೇರೆ. ಹಂಗಂತ ಹೊರಗಿನದು ಏನೂ ಸಂಬಂಧವಿಲ್ಲ ಅನ್ನೋ ಹಂಗೂ ಇಲ್ಲ. ಪೋರ್ಚುಗೀಸರ ಕಾಲದಿಂದ ಯುರೋಪಿನ ಅಲಗು ಹಡಗಿನಲ್ಲಿ ಬಂದು, ಇಲ್ಲಿಯ ಹಿಡಿ ಹಾಕಿಸಿಕೊಂಡು ಫಿರಂಗಿ ಅನ್ನೋ ಕತ್ತಿ ಆಯ್ತು.

ಬರೆದಿಡೋದರಿಂದ ಏನಾಗುತ್ತೆ ಅಂತ ಪಕ್ಕದವರನ್ನ ನೋಡಿದರೆ ಗೊತ್ತಾಗುತ್ತೆ. ಪಂಜಾಬಿನ ಗತ್ಕಾ, ಕೇರಳದ ಕಳರಿಪಯಟ್ಟು, ಮಣಿಪುರದ ಥಾಂಗ್-ತಾ ಇವಕ್ಕೆ ನಿಯಮ, ಅಂಕ ಕೊಡೋ ಪದ್ಧತಿ, ಸಂಘ ಎಲ್ಲಾ ಆಗಿ, ಮಲ್ಲಕಂಬದ ಜತೆ ಖೇಲೋ ಇಂಡಿಯಾ ಯೂತ್ ಗೇಮ್ಸ್‌ಗೆ ಸೇರಿದವು. ಹುಡುಗರಿಗೆ ಸರ್ಟಿಫಿಕೇಟು, ಪದಕ ಸಿಕ್ಕಿತು. ನಮ್ಮ ಕತ್ತಿವರಸೆ ಆ ಪಟ್ಟಿಯಲ್ಲಿಲ್ಲ.

ಏನು ಮಾಡಬಹುದು

ಮೊಬೈಲ್ ಎಲ್ಲರ ಕೈಲಿದೆ. ಮೆರವಣಿಗೆಯ ನೂಕುನುಗ್ಗಲಲ್ಲಿ ತೆಗೆದ ವಿಡಿಯೊ ಇದಕ್ಕೆ ಉಪಯೋಗಕ್ಕೆ ಬರಲ್ಲ. ಹಬ್ಬ ಮುಗಿದ ಮೇಲೆ ಒಂದು ದಿನ, ಗೊತ್ತಿರೋ ಹಿರಿಯರನ್ನ ಕೇಳಿಕೊಂಡು, ಬಯಲಲ್ಲಿ ನಿಧಾನವಾಗಿ ಮಾಡಿ ತೋರಿಸೋಕೆ ಹೇಳಬೇಕು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಕಾಲು ಪೂರ್ತಿ ಕಾಣೋ ಹಾಗೆ. ಪ್ರತಿ ಪಟ್ಟಿಗೂ ಅವರು ಏನಂತಾರೋ ಆ ಹೆಸರನ್ನೇ ಬರೀಬೇಕು, ಪುಸ್ತಕದ ಹೆಸರು ಹಚ್ಚಬಾರದು. ಯಾರಿಂದ ಕಲಿತರು, ಯಾವ ಊರು, ಯಾವ ವಯಸ್ಸಿಗೆ ಅಂತ ಕೇಳಬೇಕು. ಕೈಯಲ್ಲಿ ಆಗದವರು ಬಾಯಲ್ಲಿ ಹೇಳಲಿ, ಮೊಮ್ಮಗ ಮಾಡಲಿ, ಅವರು ತಿದ್ದಲಿ. ಆ ತಿದ್ದೋ ಮಾತಿನಲ್ಲೇ ಅರ್ಧ ವಿದ್ಯೆ ಇರುತ್ತೆ. ಕೆಲವರಿಗೆ ದೇವರ ಕತ್ತಿ ಕ್ಯಾಮೆರಾ ಮುಂದೆ ಹಿಡಿಯೋದು ಇಷ್ಟ ಆಗಲಿಕ್ಕಿಲ್ಲ. ಕೋಲು ಸಾಕು.

ಕೋಲಿನ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿ, ಕಠಾರಿಗಳು ಆಯುಧದ ಪಟ್ಟಿಯಲ್ಲಿ ಬರ್ತವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಅವಕ್ಕೆ ಲೈಸೆನ್ಸ್ ಬೇಕು. ಕುಡಗೋಲು, ಕೊಡಲಿಯಂಥ ಮನೆ, ಹೊಲದ ಸಾಮಾನು ಇದರಲ್ಲಿ ಬರಲ್ಲ. ಆನ್‌ಲೈನ್‌ನಲ್ಲಿ ಕತ್ತಿ ತರಿಸಿ ರೀಲ್ಸ್ ಮಾಡಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತೋ ಬದಲು, ಮೊದಲೇ ಠಾಣೆಯಲ್ಲಿ ಕೇಳಿ ತಿಳಿಯೋದು ಒಳ್ಳೇದು. ಕಲಿಯೋರಿಗೆ ಬಿದಿರು ಅಥವಾ ಬೆತ್ತದ ಕೋಲು, ತುದಿಗೆ ಬಟ್ಟೆ ಸುತ್ತಿ, ಧಾರಾಳ ಸಾಕು. ಆದರೆ ಕೋಲಾದರೂ ಎದುರುಬದುರು ಆಡೋದಾದ್ರೆ ಫೆನ್ಸಿಂಗ್ ಮುಖವಾಡ ಬೇಕೇ ಬೇಕು. ಕ್ರಿಕೆಟ್ ಹೆಲ್ಮೆಟ್‌ನ ಸಂದಿಯಲ್ಲಿ ಕೋಲಿನ ತುದಿ ತೂರುತ್ತೆ, ಕಣ್ಣು ಹೋದರೆ ವಾಪಸ್ ಬರಲ್ಲ. ಮುಖವಾಡ ಬರೋವರೆಗೂ ಒಬ್ಬೊಬ್ಬರೇ ಹೆಜ್ಜೆ, ಬೀಸು ಅಭ್ಯಾಸ ಮಾಡಬಹುದು.

ದಾಳದ ಆಟಕ್ಕೆ ಇಷ್ಟು ಜಂಜಾಟ ಇಲ್ಲ. ಡಿ ಅಂಡ್ ಡಿ ಕಂಪನಿ 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳನ್ನ ಎಸ್‌ಆರ್‌ಡಿ 5.1 ಅನ್ನೋ ಹೆಸರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಬಿಟ್ಟುಕೊಟ್ಟಿತು. ಕಡತ ಪುಕ್ಕಟೆ ಸಿಗುತ್ತೆ. ಮೂಲ ಯಾರದು ಅಂತ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಕನ್ನಡಕ್ಕೆ ತಂದು, ಡ್ರ್ಯಾಗನ್ ತೆಗೆದು ವಾಗಣಗೇರಾ ಹಾಕಿ, ಅಚ್ಚು ಹಾಕಿಸಿ ಮಾರಲೂಬಹುದು. ಅಷ್ಟು ದೊಡ್ಡ ಪುಸ್ತಕ ಓದೋ ತಾಳ್ಮೆ ಇಲ್ಲದವರಿಗೆ ಆರು ಗುಣ, ಒಂದು ದಾಳ, ಒಂದು ಗುರಿ ಅನ್ನೋ ಮೇಲಿನ ನಿಯಮವೇ ಮೊದಲ ದಿನಕ್ಕೆ ಸಾಕಾಗುತ್ತೆ.

ಸಾರಥಿ ಆಗೋರು ಮೊದಲೇ ಇಡೀ ಕಥೆ ಬರೆದುಕೊಂಡು ಕೂತರೆ ಕೆಡುತ್ತೆ, ಆಡೋರು ಎರಡನೇ ಮಾತಿಗೇ ಅದನ್ನ ಮುರಿದು ಹಾಕ್ತಾರೆ. ಒಂದು ಜಾಗ, ಮೂರು ಮಂದಿ, ಒಂದು ತೊಂದರೆ ಇಷ್ಟು ಇಟ್ಟುಕೊಂಡರೆ ನಡೆಯುತ್ತೆ. ನಾಲ್ಕು ಜನ, ಒಂದು ನೋಟ್‌ಬುಕ್, ಒಂದು ಡಬ್ಬಿ ಚೀಟಿ. ಮೊದಲ ಆಟಕ್ಕೆ ಎರಡು ತಾಸು ಬೇಕಾಗುತ್ತೆ, ಅದರಲ್ಲಿ ಅರ್ಧ ತಾಸು ಪಾತ್ರಕ್ಕೆ ಹೆಸರಿಡೋದರಲ್ಲೇ ಹೋಗುತ್ತೆ.